ಶೇವಿಂಗ್ ಸೋಪು, ಕ್ರೀಮು ಎಷ್ಟು ಬದಲಾಯಿಸಿದರೂ ನೊರೆ ನಿಲ್ಲುತ್ತಿಲ್ಲ. ಯಾವುದನ್ನು ತಗೊಳ್ಳಲೇಬಾರದು?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಶಿವಮೊಗ್ಗದ ಹೊರಗಡೆ ಹೊಸ ಬಡಾವಣೆಯಲ್ಲಿ ಮನೆ, ಬೋರ್ ನೀರು. ಆರು ತಿಂಗಳ ಹಿಂದೆ ಬ್ರಶ್ಶು, ಸೇಫ್ಟಿ ರೇಜರು ತಗೊಂಡಿದ್ದೀರಿ. ಅಲ್ಲಿಂದ ಇಲ್ಲಿಗೆ ಮೂರು ಸೋಪು, ಎರಡು ಕ್ರೀಮು ಆಯಿತು. ಒಂದರಲ್ಲೂ ನೊರೆ ನಿಲ್ಲುವುದಿಲ್ಲ, ಕೆರೆದ ಮೇಲೆ ಕತ್ತೆಲ್ಲ ಉರಿ. ಹಾಗಾಗಿ ಯಾವ ಸೋಪು ತಗೊಳ್ಳಲೇಬಾರದು ಅಂತ ಕೇಳಿದ್ದೀರಿ.

ಅದಕ್ಕೆ ಬರುತ್ತೇನೆ, ಆದರೆ ಮೊದಲು ಇನ್ನೊಂದು ವಿಷಯ. ಐದಕ್ಕೆ ಐದೂ ಕೆಟ್ಟದ್ದೇ ಸಿಕ್ಕಿತು ಅಂದರೆ ನನಗೆ ನಂಬಿಕೆ ಬರುತ್ತಿಲ್ಲ. ಐದನ್ನೂ ನೀವು ಕಲಸಿದ್ದು ಒಂದೇ ನೀರಿನಲ್ಲಿ, ಅಲ್ವಾ? ಆ ಡಬ್ಬಿಗಳನ್ನು ಇನ್ನೂ ಎಸೆಯಬೇಡಿ.

ನನಗೂ ಇದೇ ಆಗಿತ್ತು. ನಮ್ಮೂರು ತೀರ್ಥಹಳ್ಳಿ ಕಡೆ. ಮನೆಗೆ ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು ಬರುತ್ತದೆ, ಮೋಟಾರಿನ ಕೆಲಸವೇ ಇಲ್ಲ. ಅಪ್ಪಯ್ಯ ಬೆಳಿಗ್ಗೆ ಕಿಟಕಿ ಸರಳಿಗೆ ಕನ್ನಡಿ ಸಿಕ್ಕಿಸಿ, ಬಚ್ಚಲ ಹಂಡೆಯಿಂದ ಒಂದು ಲೋಟ ಬಿಸಿನೀರು ಮೊಗೆದುಕೊಂಡು ಗಡ್ಡ ಕೆರೆಯುತ್ತಿದ್ದರು. ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಒಂದು ಬಿಲ್ಲೆ ಸೋಪು. ಅದರ ಮೇಲೆ ಬ್ರಶ್ಶನ್ನು ಹತ್ತು ಸುತ್ತು ತಿರುಗಿಸಿದರೆ ಸಾಕು, ಕೆನ್ನೆ ತುಂಬ ನೊರೆ. ನಾನು ಕಲಿತದ್ದೂ ಅದರಲ್ಲೇ. ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರ ಕೆಲಸ ಸಿಕ್ಕಿ ಶಿವಮೊಗ್ಗಕ್ಕೆ ಬಂದೆ, ಬಾಡಿಗೆ ಮನೆ ಹಿಡಿದೆ, ಅದೇ ಸೋಪನ್ನು ತಂದೆ. ಇಲ್ಲಿ ನೊರೆಯೇ ಏಳಲಿಲ್ಲ. ಎಷ್ಟು ತಿಕ್ಕಿದರೂ ಬೂದು ಬಣ್ಣದ ತೆಳ್ಳಗಿನ ಲೇಪ. ಎಡಗೆನ್ನೆ ಕೆರೆದು ಮುಗಿಸುವಷ್ಟರಲ್ಲಿ ಬಲಗೆನ್ನೆ ಒಣಗಿ ಬಿಗಿಯುತ್ತಿತ್ತು.

ನಾನು ಸೋಪನ್ನೇ ಬೈದೆ. ಕಂಪನಿಯವರು ಮೊದಲಿನ ಹಾಗೆ ಮಾಡುತ್ತಿಲ್ಲ ಅಂದುಕೊಂಡೆ. ಹೆಸರಾದ ಒಂದು ವಿದೇಶಿ ಸೋಪನ್ನು 900 ರೂಪಾಯಿ ಕೊಟ್ಟು ತರಿಸಿದೆ. ಅದೂ ಅಷ್ಟೇ. ದೀಪಾವಳಿಗೆ ಊರಿಗೆ ಹೋಗುವಾಗ ಅದನ್ನೇ ಬ್ಯಾಗಿಗೆ ಹಾಕಿಕೊಂಡಿದ್ದೆ. ಹಬ್ಬದ ದಿನ ಬೆಳಿಗ್ಗೆ ಅಬ್ಬಿ ನೀರಲ್ಲಿ ಬ್ರಶ್ ಅದ್ದಿ ತಿರುಗಿಸಿದೆ. ಅರ್ಧ ನಿಮಿಷದಲ್ಲಿ ಬ್ರಶ್ ತುಂಬಿ, ಕೈ ಮೇಲೆಲ್ಲ ಇಳಿಯಿತು. ಅದೇ ಸೋಪು, ಅದೇ ಬ್ರಶ್ಶು, ಅದೇ ಕೈ.

ವಾಪಸ್ ಬರುವಾಗ ಎರಡು ಲೀಟರ್ ಅಬ್ಬಿ ನೀರು ತಂದೆ. ಎರಡು ಸ್ಟೀಲ್ ಬಟ್ಟಲು ಅಕ್ಕಪಕ್ಕ ಇಟ್ಟೆ. ಒಂದಕ್ಕೆ ಊರ ನೀರು, ಇನ್ನೊಂದಕ್ಕೆ ಬೋರ್ ನೀರು, ಎರಡಕ್ಕೂ ಒಂದೇ ಅಳತೆ ಸೋಪು, ಐವತ್ತು ಸುತ್ತು. ಊರ ನೀರಿನ ಬಟ್ಟಲಲ್ಲಿ ನೊರೆ ಬೆಳ್ಳಗೆ, ಕಡೆದ ಗಟ್ಟಿ ಮೊಸರಿನ ಹಾಗೆ ಕೂತಿತು. ಬ್ರಶ್ ಎತ್ತಿದರೆ ತುದಿ ಒಂದಿಷ್ಟು ಬಾಗಿ ಹಾಗೇ ನಿಂತಿತು. ಬೋರ್ ನೀರಿನದ್ದು ದೊಡ್ಡ ದೊಡ್ಡ ಗುಳ್ಳೆ. ಕಿವಿ ಹತ್ತಿರ ತಂದರೆ ಚಿಟಿಚಿಟಿ ಒಡೆಯುವ ಸದ್ದು. ಐದು ನಿಮಿಷದಲ್ಲಿ ತಳದಲ್ಲಿ ಹಾಲು ಒಡೆದಂತಹ ನೀರು, ಬಟ್ಟಲಿನ ಅಂಚಿಗೆ ಜಿಗುಟು ಗಸಿ ಅಂಟಿತ್ತು.

ಆ ಗಸಿಯೇ ಉತ್ತರ. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಅವು ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಗಸಿಯಾಗುತ್ತವೆ. ನೀವು ತಿಕ್ಕಿದ ಸೋಪಿನ ಒಂದು ಪಾಲು ಅಲ್ಲೇ ಮುಗಿಯಿತು, ಉಳಿದದ್ದು ಮಾತ್ರ ನೊರೆಗೆ. ಇದನ್ನು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ, ಆದರೂ ನನ್ನ ಕೆನ್ನೆಯ ಮೇಲೆ ನಡೆಯುವಾಗ ಹೊಳೆದಿರಲಿಲ್ಲ. ಮಲೆನಾಡಿನ ಅಬ್ಬಿ ನೀರು ಅಂದರೆ ಹೆಚ್ಚುಕಡಿಮೆ ಮಳೆನೀರೇ. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಬಿದ್ದ ನೀರು ಕಾಡಿನ ಮಣ್ಣಿಗೆ ಇಳಿದು ಬೇಗ ಹೊರಗೆ ಬರುತ್ತದೆ. ಬೋರಿನ ನೀರು ಹಾಗಲ್ಲ. ಆಳದಲ್ಲಿ ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತು ಅಲ್ಲಿನ ಉಪ್ಪನ್ನೆಲ್ಲ ಕರಗಿಸಿಕೊಂಡಿರುತ್ತದೆ.

ನಿಮ್ಮ ನೀರು ಹೇಗಿದೆ ಅಂತ ನೋಡಲು ಖರ್ಚೇನೂ ಇಲ್ಲ. ಒಂದು ಖಾಲಿ ಬಾಟಲಿಗೆ ಅರ್ಧ ನೀರು ಹಾಕಿ. ಸಾದಾ ಸ್ನಾನದ ಸೋಪಿನ ಒಂದು ಚೂರು ಹಾಕಿ, ಮುಚ್ಚಳ ಬಿಗಿ ಮಾಡಿ, ಚೆನ್ನಾಗಿ ಕುಲುಕಿ. ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಅವು ಗಡಸು ನೀರಲ್ಲೂ ನೊರೆ ಬರುತ್ತವೆ. ಮೇಲೆ ದಪ್ಪ ನೊರೆ ಬಂದು ಕೆಳಗೆ ನೀರು ಹೆಚ್ಚುಕಡಿಮೆ ತಿಳಿಯಾಗಿದ್ದರೆ ನೀರು ಮೆದು. ನೊರೆ ಕಡಿಮೆ ಇದ್ದು, ನೀರು ಹಾಲಿನ ಹಾಗೆ ಕದಡಿ, ಚೂರು ಚೂರು ತೇಲಿದರೆ ಗಡಸು. ಗೀಸರಿನ ಕಾಯಿಲಿಗೆ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ಬಾಟಲಿಯೂ ಬೇಕಾಗಿಲ್ಲ.

ಗಡಸು ಅಂತ ಗೊತ್ತಾದರೆ ಮನೆ ನೀರನ್ನೆಲ್ಲ ಬದಲಾಯಿಸಬೇಕಾಗಿಲ್ಲ. ಗಡ್ಡಕ್ಕೆ ಬೇಕಾಗುವುದು ಒಂದು ಲೋಟ. ಕುಡಿಯುವ ಫಿಲ್ಟರಿನ ಆರ್‌ಒ ನೀರನ್ನೇ ಬಿಸಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಹಂಚಿನಿಂದ ಇಳಿಯುವ ನೀರನ್ನು ಮೊದಲ ಎರಡು ಮೂರು ಮಳೆ ಬಿಟ್ಟು ಹಿಡಿದಿಟ್ಟುಕೊಳ್ಳಿ. ಎರಡೂ ಆಗದಿದ್ದರೆ ಬೋರ್ ನೀರನ್ನೇ ಕುದಿಸಿ, ಆರಿಸಿ, ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಗಡಸುತನದ ಒಂದು ಪಾಲು ತಳಕ್ಕೆ ಇಳಿಯಬಹುದು, ಪೂರ್ತಿ ಹೋಗುವುದಿಲ್ಲ. ಊರೊಳಗೆ ತುಂಗೆಯ ನಲ್ಲಿ ನೀರು ಬರುವ ಸ್ನೇಹಿತರಿದ್ದರೆ ಒಂದು ಕ್ಯಾನ್ ತನ್ನಿ. ತುಂಗಾ ಪಾನ, ಗಂಗಾ ಸ್ನಾನ ಅಂತ ಹಿರಿಯರು ಹೇಳುತ್ತಾರಲ್ಲ, ಗಡ್ಡಕ್ಕೂ ತುಂಗೆಯೇ ಒಳ್ಳೆಯದು ಅಂತ ನಾನು ಸೇರಿಸುತ್ತೇನೆ.

ಒಳ್ಳೆ ನೀರಲ್ಲೂ ಕೈ ಕೊಡುವ ಸೋಪುಗಳು ಇವೆಯಾ? ಇವೆ. ನನ್ನ ಬಳಿ ಕೈ ಕೊಟ್ಟವುಗಳ ಹೆಸರು ಹೇಳುವುದಿಲ್ಲ, ಯಾಕೆಂದರೆ ಕಂಪನಿಗಳು ಸುಮ್ನೆ ಒಂದೇ ಹೆಸರಲ್ಲಿ ಒಳಗಿನದ್ದನ್ನು ಬದಲಾಯಿಸುತ್ತಿರುತ್ತವೆ. ಜಾತಿ ಹೇಳುತ್ತೇನೆ, ಅದು ನಿಮಗೆ ಜಾಸ್ತಿ ಉಪಯೋಗ.

ನನಗೆ ಅತ್ಯಂತ ಬೇಸರ ತಂದದ್ದು ಕೈಯಲ್ಲಿ ಮಾಡಿದ ಗ್ಲಿಸರಿನ್ ಸೋಪು ಅಂತ ಮಾರುವ ಪಾರದರ್ಶಕ ಬಿಲ್ಲೆ. ಪ್ರವಾಸಿ ಜಾಗಗಳಲ್ಲಿ ಚಂದದ ಕಾಗದ ಸುತ್ತಿ ಇಟ್ಟಿರುತ್ತಾರೆ, ಅರಿಶಿನದ್ದು, ಕಾಫಿಯದ್ದು. ಇವುಗಳಲ್ಲಿ ಬಹಳಷ್ಟನ್ನು ತಯಾರಾಗಿ ಸಿಗುವ ಸೋಪಿನ ಗಟ್ಟಿಯನ್ನು ಕರಗಿಸಿ, ಬಣ್ಣ ಪರಿಮಳ ಸೇರಿಸಿ, ಅಚ್ಚಿಗೆ ಸುರಿದು ಮಾಡುತ್ತಾರೆ. ನೊರೆ ಬೇಗ ಬರುತ್ತದೆ, ರಾಶಿ ಬರುತ್ತದೆ. ಆದರೆ ಅದರಲ್ಲಿ ಬರೀ ಗಾಳಿ. ಬ್ಲೇಡು ಚರ್ಮದ ಮೇಲೆ ಜಾರುವುದಿಲ್ಲ, ತಡೆತಡೆದು ಹೋಗುತ್ತದೆ. ತಂಗಿ ಪ್ರೀತಿಯಿಂದ ಕೊಟ್ಟಿದ್ದಳು, ಹಾಗಾಗಿ ಒಂದು ತಿಂಗಳು ಬಿಡದೆ ಹಾಕಿದೆ. ಕತ್ತಿನ ಕೆಳಗೆ ಕೆಂಪು ಗುಳ್ಳೆ ಎದ್ದ ಮೇಲೆ ಅದನ್ನು ಕೈ ತೊಳೆಯಲು ಇಟ್ಟೆ.

ಇನ್ನೊಂದು ಜಾತಿ, ಮೆಂಥಾಲ್ ತುಂಬಿದ ಕ್ರೀಮು. ಮೆಂಥಾಲ್ ಚರ್ಮವನ್ನು ನಿಜವಾಗಿ ತಣ್ಣಗೆ ಮಾಡುವುದಿಲ್ಲ, ತಂಪು ಅರಿಯುವ ನರಕ್ಕೆ ಹಾಗೆ ಅನ್ನಿಸುತ್ತದೆ ಅಷ್ಟೇ. ತೀರ ಜಾಸ್ತಿ ಹಾಕಿದ್ದರೆ ಬ್ಲೇಡು ಎಷ್ಟು ಒತ್ತುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಕೆರೆದಾಗ ಹಾಯ್ ಅನ್ನಿಸಿ, ಹತ್ತು ನಿಮಿಷ ಬಿಟ್ಟು ಉರಿ ಶುರು. ಬೇಸಿಗೆಯಲ್ಲಿ ಬೇಕಾದವರು ಹಾಕಿಕೊಳ್ಳಲಿ, ನಮ್ಮ ಜುಲೈ ತಿಂಗಳ ಬೆಳಗಿಗೆ ಅದು ಹೇಳಿದ್ದಲ್ಲ.

ಗಂಧದ ಪರಿಮಳದವು ನನಗೆ ಮನಸ್ಸಿಗೇ ತಾಗಿದ ವಿಷಯ. ಶಿವಮೊಗ್ಗದಲ್ಲೇ 1944ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿತ್ತು, ಮೈಸೂರಿನದ್ದು 1916ರದ್ದು. ಗಂಧ ಅಂದರೆ ಈ ಊರಿನವರಿಗೆ ಮೂಗಿಗೇ ಗೊತ್ತು. ಟ್ಯೂಬಿನ ಮೇಲೆ ಗಂಧದ ಕೊರಡಿನ ಚಿತ್ರ ಇರುತ್ತದೆ, ಹಿಂದೆ ತಿರುಗಿಸಿ ನೋಡಿದರೆ ಬರೀ ಪರ್ಫ್ಯೂಮ್ ಅಂತ ಒಂದೇ ಪದ. ನಿಜವಾದ ಗಂಧದೆಣ್ಣೆ ಹಾಕಿದವರು ಹೆಚ್ಚಾಗಿ ಸ್ಯಾಂಟಲಮ್ ಆಲ್ಬಮ್ ಅಂತ ಗಂಧದ ಮರದ ವೈಜ್ಞಾನಿಕ ಹೆಸರನ್ನೇ ಬರೆದಿರುತ್ತಾರೆ. ಪರಿಮಳ ಜಾಸ್ತಿ ಸುರಿದ ಕ್ರೀಮೇ ಎಷ್ಟೋ ಸಲ ಉರಿಗೆ ಕಾರಣ. ನಿಮ್ಮ ಕತ್ತಿನ ಉರಿ ಒಳ್ಳೆ ನೀರಲ್ಲೂ ಹೋಗದಿದ್ದರೆ, ಪರಿಮಳ ಇಲ್ಲದ ಒಂದನ್ನು ಹದಿನೈದು ದಿನ ಹಾಕಿ ನೋಡಿ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಹಿಂದಿನ ಸಣ್ಣ ಅಕ್ಷರ ಓದಿ. ಜಾಸ್ತಿ ಇರುವ ವಸ್ತು ಮೊದಲು ಬರುತ್ತದೆ. ಶುರುವಿನಲ್ಲೇ ಸ್ಟಿಯರಿಕ್ ಆಸಿಡ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅಥವಾ ಪೊಟ್ಯಾಸಿಯಂ ಸ್ಟಿಯರೇಟ್ ಇದ್ದರೆ ಒಳ್ಳೆಯ ಲಕ್ಷಣ. ಸ್ಟಿಯರಿಕ್ ಆಸಿಡ್‌ನಿಂದ ನೊರೆ ಸಣ್ಣ ಗುಳ್ಳೆಯದಾಗಿ ದಟ್ಟವಾಗಿ ನಿಲ್ಲುತ್ತದೆ. ಪೊಟ್ಯಾಸಿಯಂ ಸೋಪು ಸೋಡಿಯಂ ಸೋಪಿಗಿಂತ ಮೆದು, ನೀರಲ್ಲಿ ಬೇಗ ಕರಗುತ್ತದೆ. ಸ್ನಾನದ ಸೋಪು ಬಹುಪಾಲು ಸೋಡಿಯಂನದ್ದು, ಅದಕ್ಕೇ ಎಷ್ಟೇ ಒಳ್ಳೆಯ ಸ್ನಾನದ ಸೋಪಾದರೂ ಗಡ್ಡಕ್ಕೆ ಸರಿ ಬರುವುದಿಲ್ಲ. ತೆಂಗಿನೆಣ್ಣೆಯ ಅಂಶ ಬೇಗ ನೊರೆ ಎಬ್ಬಿಸುತ್ತದೆ, ಆದರೆ ಅದೇ ಜಾಸ್ತಿಯಾದರೆ ಗುಳ್ಳೆ ದೊಡ್ಡದಾಗಿ ಒಡೆದು ಹೋಗುತ್ತದೆ, ಚರ್ಮವೂ ಒಣಗುತ್ತದೆ. ಗ್ಲಿಸರಿನ್ ತೇವ ಹಿಡಿದಿಡುತ್ತದೆ. ಇಡಿಟಿಎ ಅಂತ ಇದ್ದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಬೋರ್ ನೀರಿನವರಿಗೆ ಸ್ವಲ್ಪ ಸಹಾಯ. ಸೋಡಿಯಂ ಟ್ಯಾಲೋವೇಟ್ ಅಥವಾ ಪೊಟ್ಯಾಸಿಯಂ ಟ್ಯಾಲೋವೇಟ್ ಅಂದರೆ ಪ್ರಾಣಿ ಕೊಬ್ಬು. ಹಳೆಕಾಲದ ಎಷ್ಟೋ ವಿದೇಶಿ ಸೋಪುಗಳಲ್ಲಿ ಇರುತ್ತಿತ್ತು. ನೊರೆ ಚೆನ್ನಾಗಿ ಬರುತ್ತದೆ, ಆದರೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ನಿಮ್ಮಲ್ಲೂ ನಡೆಯದಿದ್ದರೆ ಆ ಪದ ಹುಡುಕಿ ನೋಡಿಕೊಳ್ಳಿ. ಬ್ರಶ್ ಬೇಡ ಅಂತ ಬರೆದ ಕ್ರೀಮನ್ನು ಬ್ರಶ್ಶಿನಲ್ಲಿ ತಿಕ್ಕಬೇಡಿ, ಅದು ನೊರೆ ಬರುವುದಕ್ಕೆ ಮಾಡಿದ್ದೇ ಅಲ್ಲ.

ಇನ್ನು ಕಲಸುವ ವಿಷಯ. ಗಾಂಧಿ ಬಜಾರ್ ಕಡೆ ನಾನು ಹೋಗುವ ಕಟಿಂಗ್ ಶಾಪಿನ ಹಿರಿಯರು ನನ್ನ ಕತ್ತಿನ ಗುಳ್ಳೆ ನೋಡಿ ಹೇಳಿದ್ದರು. "ಮೇಷ್ಟ್ರೇ, ನೀವು ಸೋಪೂ ಕಡಿಮೆ ಹಾಕ್ತೀರಿ, ನೀರೂ ಕಡಿಮೆ ಹಾಕ್ತೀರಿ, ಕೈ ಮಾತ್ರ ಜಾಸ್ತಿ ಒತ್ತುತ್ತೀರಿ." ಮೂರಕ್ಕೆ ಮೂರೂ ನಿಜ. ಅವರು ಮೊದಲು ಮುಖಕ್ಕೆ ಎರಡು ನಿಮಿಷ ಬಿಸಿ ಬಟ್ಟೆ ಒತ್ತುತ್ತಾರೆ. ನೀರು ಕುಡಿದ ಕೂದಲು ಮೆದುವಾಗಿ ಸುಲಭಕ್ಕೆ ತುಂಡಾಗುತ್ತದೆ. ಆಮೇಲೆ ಬ್ರಶ್ಶಿನ ನೀರು ಹಿಂಡಿ, ಸೋಪನ್ನು ಧಾರಾಳವಾಗಿ ತುಂಬಿಕೊಂಡು, ಕೆನ್ನೆಯ ಮೇಲೆ ತಿರುಗಿಸುತ್ತಾ ಬೆರಳಿನಿಂದ ನಾಲ್ಕು ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಗಟ್ಟಿ ಅಂಟಿನ ಹಾಗಿದ್ದದ್ದು ನಾಲ್ಕನೇ ಸಲಕ್ಕೆ ಹೊಳಪು ಬಂದು ಜಾರಲು ಶುರುವಾಗುತ್ತದೆ. ಆ ಹೊಳಪು ಬರುವ ತನಕ ರೇಜರ್ ಮುಟ್ಟಬೇಡಿ. ಕೂದಲು ಬೆಳೆದ ದಿಕ್ಕಿಗೆ ಉಲ್ಟಾ ಕೆರೆಯುವುದಿದ್ದರೆ ಇನ್ನೊಮ್ಮೆ ನೊರೆ ಹಚ್ಚಿಯೇ ಕೆರೆಯಿರಿ.

ಪಟಿಕದ ಕಲ್ಲು ಉಜ್ಜುವ ಅಭ್ಯಾಸ ಇದ್ದರೆ ಎಲ್ಲ ಮುಗಿದ ಮೇಲೆ ಉಜ್ಜಿ. ಅದನ್ನು ಅದ್ದಿದ ಲೋಟದಲ್ಲಿ ಬ್ರಶ್ ಅದ್ದಬೇಡಿ. ಪಟಿಕದಲ್ಲಿ ಅಲ್ಯೂಮಿನಿಯಂ ಇದೆ, ಅದೂ ಸೋಪನ್ನು ಒಡೆಯುತ್ತದೆ.

ಮಳೆಗಾಲದ್ದು ಒಂದು ಮಾತು. ಆಷಾಢ ಶ್ರಾವಣದಲ್ಲಿ ಇಲ್ಲಿ ಬ್ರಶ್ ಒಣಗುವುದೇ ಇಲ್ಲ, ಬುಡದಲ್ಲಿ ಬೂಷ್ಟು ಹಿಡಿದು ನೊರೆಗೂ ವಾಸನೆ ಬರುತ್ತದೆ. ಆ ವಾಸನೆಗೆ ಸೋಪು ಹಾಳಾಯಿತು ಅಂತ ನಾನೇ ಒಂದು ಬಿಲ್ಲೆ ಎಸೆದಿದ್ದೇನೆ, ಈಗಲೂ ಹೊಟ್ಟೆ ಉರಿಯುತ್ತದೆ. ಬ್ರಶ್ಶನ್ನು ತೊಳೆದು, ಕೊಡವಿ, ಬಚ್ಚಲಿನಿಂದ ಹೊರಗೆ ಗಾಳಿಗೆ ತೂಗುಹಾಕಿ. ಸಿಂಥೆಟಿಕ್ ಕೂದಲಿನದ್ದು ಬೇಗ ಒಣಗುತ್ತದೆ, ಮಲೆನಾಡಿಗೆ ಅದೇ ವಾಸಿ. ಸೋಪಿನ ಡಬ್ಬಿಯನ್ನು ಒದ್ದೆ ಇರುವಾಗಲೇ ಮುಚ್ಚಬೇಡಿ.

ಈಗ ನೀವು ಮಾಡಬೇಕಾದ್ದು ಇಷ್ಟು. ಇವತ್ತೇ ಬಾಟಲಿ ಕುಲುಕಿ ನೋಡಿ. ಆಮೇಲೆ ನಿಮ್ಮ ಐದನ್ನೂ ಆರ್‌ಒ ನೀರಲ್ಲಿ ಒಂದೊಂದು ದಿನ ಕಲಸಿ. ಅದರಲ್ಲೂ ನೊರೆ ನಿಲ್ಲದ್ದು ಯಾವುದೋ, ಅದರ ಹಿಂದೆ ಬರೆದ ಮೊದಲ ಐದು ಹೆಸರನ್ನು ಕೆಳಗೆ ಬರೆಯಿರಿ. ಅದನ್ನು ಇಟ್ಟುಕೊಳ್ಳಬೇಕಾ ಬೇಡವಾ ಅಂತ ಆಗ ಹೇಳುತ್ತೇನೆ.