ಗೋಳಿಬಜೆ ಅಂಗಡಿಗೆ ಜೇನುರೇಖೆ

ನಮಸ್ಕಾರ,

ನಿಮ್ಮ ಕತೆಯನ್ನು ಎರಡು ಸಲ ಓದಿದೆ. ಸದ್ಯಕ್ಕೆ ಪತ್ರಿಕೆಯಲ್ಲಿ ಹಾಕುವುದಕ್ಕೆ ಆಗುವುದಿಲ್ಲ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ, ಇದು ಬಾಯಿಮಾತಿಗೆ ಹೇಳಿದ್ದಲ್ಲ.

ಬೆಂಗಳೂರಿನಲ್ಲಿರುವ ಹುಡುಗ ಆರು ವರ್ಷದ ಮೇಲೆ ಮಂಗಳೂರಿಗೆ ಬರುತ್ತಾನೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಾನೆ, ಬಂದರಿಗೆ ನಡೆದು ಹೊಳೆಯಾಚೆಯ ಬೆಂಗ್ರೆಗೆ ಹೋಗುವ ದೋಣಿ ಹತ್ತುತ್ತಾನೆ. ಆಚೆ ದಡದಲ್ಲಿ ಅಮ್ಮ. ಇಷ್ಟೇ ಕತೆ, ಇಷ್ಟು ಸಾಕು ಕೂಡ. ದೋಣಿಯಲ್ಲಿ ಅವನ ಲ್ಯಾಪ್‌ಟಾಪ್ ಚೀಲದ ಮೇಲೆ ಯಾರೋ ಮೀನಿನ ಬುಟ್ಟಿ ಇಡುತ್ತಾರೆ, ಅವನು ಸುಮ್ನೆ ಇರುತ್ತಾನೆ. ಆ ನಾಲ್ಕು ಸಾಲು ಮುಟ್ಟಬೇಡಿ. ಹುಡುಗ ಊರಿಗೆ ಬಂದದ್ದು ನನಗೆ ಅಲ್ಲೇ ಗೊತ್ತಾಯಿತು.

ತೊಂದರೆ ಇರುವುದು ಅವನು ನಡೆಯುವಾಗ. ಎಲ್ಲಿಗಾದರೂ ನೇರ ಹೋಗಬೇಕು ಅಂದಾಗೆಲ್ಲ ನಿಮ್ಮ ಕನ್ನಡ ಇಂಗ್ಲಿಷಿನ ಕೈ ಹಿಡಿದುಕೊಳ್ಳುತ್ತದೆ.

ಮೊದಲ ಪುಟದಲ್ಲೇ ಇದೆ: ‘ಬಸ್ಸಿನಿಂದ ಇಳಿದ ಅವನು ಗೋಳಿಬಜೆ ಅಂಗಡಿಗೆ ಒಂದು ಜೇನುರೇಖೆಯನ್ನು ಮಾಡಿದನು.’ ‘ಮೇಕ್ ಎ ಬೀಲೈನ್’, ಅಂದರೆ ಸೀದಾ ಅಲ್ಲಿಗೇ ಹೋಗುವುದು, ನಿಮ್ಮ ತಲೆಯಲ್ಲಿತ್ತು, ಅಲ್ವಾ? ಇಂಗ್ಲಿಷ್ ಓದದವರು ಈ ಸಾಲು ಓದಿದರೆ ಅಂಗಡಿಯಲ್ಲಿ ಜೇನು ಎದ್ದಿದೆ ಅಂದುಕೊಳ್ಳುತ್ತಾರೆ.

ಆ ಮಾತು ಬಳಕೆಗೆ ಬಂದದ್ದು ಅಮೆರಿಕದಲ್ಲಿ, 19ನೇ ಶತಮಾನದ ಮೊದಲರ್ಧದಲ್ಲಿ. ಹೊಟ್ಟೆ ತುಂಬಿದ ಜೇನ್ನೊಣ ಅತ್ತಿತ್ತ ಹೋಗದೆ ನೆಟ್ಟಗೆ ಗೂಡಿಗೆ ಹಾರುತ್ತದೆ ಎಂಬುದು ಅದರ ಬುಡ. ಕಾಡಿನಲ್ಲಿ ಜೇನು ಹುಡುಕುವವರು ಇದನ್ನೇ ನೆಚ್ಚಿಕೊಂಡಿದ್ದರು. ಹೂವಿನ ಮೇಲಿನ ನೊಣ ಹಿಡಿದು, ಪೆಟ್ಟಿಗೆಯಲ್ಲಿ ಸಿಹಿ ಉಣಿಸಿ ಬಿಡುತ್ತಿದ್ದರು. ನೊಣ ಮೇಲೆದ್ದು ಒಂದೆರಡು ಸುತ್ತು ಹಾಕಿ ಗೂಡಿನ ದಿಕ್ಕು ಹಿಡಿಯುತ್ತಿತ್ತು. ಅದನ್ನು ಗುರುತಿಟ್ಟುಕೊಂಡು, ಬೇರೆ ಜಾಗಕ್ಕೆ ಹೋಗಿ ಇನ್ನೊಂದನ್ನು ಬಿಡುವುದು. ಎರಡು ಗೆರೆ ಎಲ್ಲಿ ಸೇರುತ್ತದೋ ಅಲ್ಲಿ ಜೇನುಮರ. ಇನ್ನೊಂದು ತಮಾಷೆ ಎಂದರೆ ಈ ನೊಣವೇ ಆ ನಾಡಿನದಲ್ಲ. ಇಂಗ್ಲಿಷರು 1622ರಲ್ಲಿ ವರ್ಜೀನಿಯಾಕ್ಕೆ ಹಡಗಿನಲ್ಲಿ ತಂದದ್ದು. ನೊಣ ಹೊರಗಿನದು, ಮಾತು ಅಲ್ಲಿಯ ಕಾಡಿನದು.

ನಮ್ಮ ತೋಟಗಳಲ್ಲೂ ತುಡುವೆ ಜೇನು ಇದೆ, ಅದೂ ಗೂಡಿಗೆ ನೆಟ್ಟಗೇ ಹಾರುತ್ತದೆ. ಆದರೆ ನಾವು ಅದರಿಂದ ಈ ಮಾತು ಕಟ್ಟಿಕೊಳ್ಳಲಿಲ್ಲ. ನಮಗೆ ಬೇಕಾಗಲೂ ಇಲ್ಲ. ಯಾಕೆಂದರೆ ಕನ್ನಡದಲ್ಲಿ ಅದು ಕ್ರಿಯಾಪದದೊಳಗೇ ಕೂತಿದೆ.

‘ಬಸ್ಸಿಳಿದವನೇ ಗೋಳಿಬಜೆ ಅಂಗಡಿಗೆ ಹೋದ.’

ಆ ‘ಏ’ ನೋಡಿ. ‘ಇಳಿದ ಅವನು’ ಅಂದರೆ ನಡುವೆ ಚಾ ಕುಡಿದಿರಬಹುದು, ಪೇಪರ್ ಕೊಂಡಿರಬಹುದು. ‘ಇಳಿದವನೇ’ ಅಂದ ಮೇಲೆ ಅದಕ್ಕೆಲ್ಲ ಪುರುಸೊತ್ತಿಲ್ಲ. ಹಸಿವು ಜಾಸ್ತಿಯೇ? ‘ಬಸ್ಸು ನಿಂತದ್ದೇ ತಡ, ಅಂಗಡಿಗೆ ನುಗ್ಗಿದ.’ ಅವಸರವಿಲ್ಲ, ಆದರೆ ಮನಸ್ಸು ಅಲ್ಲೇ ಇದೆಯೇ? ‘ಆಚೀಚೆ ನೋಡದೆ ಸೀದಾ ಹೋಗಿ ಅಂಗಡಿ ಮುಂದೆ ನಿಂತ.’ ಮೂರೂ ಬೇರೆ ಬೇರೆ ಹಸಿವು. ನಿಮ್ಮ ಹುಡುಗನದು ಯಾವುದು ಅಂತ ನಿಮಗೇ ಇನ್ನೂ ಗೊತ್ತಿಲ್ಲ, ಅದಕ್ಕೇ ಜೇನುರೇಖೆ ಬಂದದ್ದು ಎಂದು ನನ್ನ ಗುಮಾನಿ.

ಇನ್ನು ಕಾಗೆ. ಬಂದರಿನಲ್ಲಿ ನಿಂತು ಹೊಳೆಯಾಚೆ ನೋಡುವಾಗ ‘ಕಾಗೆ ಹಾರಿದಂತೆ ಮನೆ ಹತ್ತಿರವೇ ಇತ್ತು’ ಎಂದು ಬರೆದಿದ್ದೀರಿ. ‘ಆ್ಯಸ್ ದ ಕ್ರೋ ಫ್ಲೈಸ್’, ಅಂದರೆ ನೇರ ಗೆರೆಯಲ್ಲಿ ಅಳೆದ ದೂರ, ಇಂಗ್ಲಿಷಿನಲ್ಲಿ 18ನೇ ಶತಮಾನದಿಂದಲೂ ಇರುವ ಮಾತು. ಕನ್ನಡದಲ್ಲಿ ‘ಕಾಗೆ ಹಾರಿಸುವುದು’ ಅಂದರೆ ಏನು ಹೇಳಿ? ಓದುಗ ಗಕ್ಕನೆ ನಿಲ್ಲುತ್ತಾನೆ. ಈ ಹುಡುಗ ಮನೆಯ ಬಗ್ಗೆ ಸುಳ್ಳು ಹೇಳಿದ್ದನಾ ಅಂತ ಹಿಂದಿನ ಪುಟ ತಿರುವುತ್ತಾನೆ. ಅದೂ ಅಲ್ಲದೆ ಬೋಟುಗಳು ಮೀನು ಇಳಿಸುವ ನಮ್ಮ ದಕ್ಕೆಯ ಕಾಗೆ ಯಾವತ್ತು ನೆಟ್ಟಗೆ ಹಾರಿದೆ? ಮೀನಿನ ಬುಟ್ಟಿ ಕಂಡರೆ ಒಂದು ಸುತ್ತು ಹಾಕಿ, ಗೋಡೆ ಮೇಲೆ ಕೂತು, ಪಕ್ಕದಿಂದ ಕುಪ್ಪಳಿಸಿಕೊಂಡು ಬರುತ್ತದೆ.

ನಿಮಗೆ ಬೇಕಾದ ಮಾತು ‘ಕೂಗಳತೆ’. ಮನೆ ಕೂಗಳತೆಯಲ್ಲಿತ್ತು, ರಸ್ತೆ ಹಿಡಿದರೆ ಮಾತ್ರ ಕೂಳೂರು, ಪಣಂಬೂರು ಸುತ್ತಬೇಕು. ಹೀಗೆ ಬರೆದರೆ ದೋಣಿ ಯಾಕೆ ಬೇಕು ಎನ್ನುವುದೂ ತಿಳಿಯುತ್ತದೆ. ಆಚೆ ಅಮ್ಮ ಇದ್ದಾಳೆ, ಕೂಗಿದರೆ ಕೇಳೀತು, ಆದರೂ ಇವನು ಕೂಗುವುದಿಲ್ಲ.

‘ಮೂಗಿನ ನೇರಕ್ಕೆ ನಡೆದು ದೋಣಿ ತಲುಪಿದನು’ ಎಂಬುದಕ್ಕೆ ಜಾಸ್ತಿ ಹೇಳುವುದಿಲ್ಲ. ಕನ್ನಡದಲ್ಲಿ ಮೂಗಿನ ನೇರಕ್ಕೆ ಯೋಚಿಸುವವರು ಇದ್ದಾರೆ, ನಡೆಯುವವರು ಕಡಿಮೆ. ಮೀನಿನ ವಾಸನೆ ಹಿಡಿದು ಹೋದ ಅನ್ನಿ.

ಅಮ್ಮ ಬರುವ ಸಾಲು ಮಾತ್ರ ನನಗೆ ನಿಜಕ್ಕೂ ಬೇಜಾರು ಮಾಡಿತು. ‘ಅಮ್ಮ ಅವನ ಮೇಲೆ ಭಾರ ಹಾಕುತ್ತಾ ಬಂದಳು.’ ‘ಬೇರ್ ಡೌನ್ ಆನ್’ ಹಡಗಿನವರ ಮಾತು. ಗಾಳಿಯ ಅನುಕೂಲ ಹಿಡಿದ ಹಡಗು ಇನ್ನೊಂದರ ಕಡೆ ರಭಸದಿಂದ ಬರುವುದು. ನಮ್ಮಲ್ಲಿ ಭಾರ ಹಾಕುವುದು ದೇವರ ಮೇಲೆ. ಹಾಗಂತ ‘ಮೈಮೇಲೆ ಬಂದಳು’ ಎಂದೂ ತಿದ್ದಬೇಡಿ, ದೈವ ಮೈಮೇಲೆ ಬಂತೆಂದು ತುಳುನಾಡಿನ ಓದುಗ ಪಿಂಗಾರ (ಅಡಿಕೆ ಹೂವು) ತರಲು ಓಡುತ್ತಾನೆ! ಹೋಲಿಕೆಯನ್ನೇ ಬಿಡಿ. ‘ಸೆರಗು ಸೊಂಟಕ್ಕೆ ಸಿಕ್ಕಿಸಿದವಳೇ ಇವನ ಕಡೆಗೇ ಬಂದಳು.’ ಬೈಯಲು ಬಂದಳೋ ತಬ್ಬಲು ಬಂದಳೋ ಅವನಿಗೂ ಗೊತ್ತಾಗಬಾರದು.

ಇಂಗ್ಲಿಷ್ ಪದವೇ ಬೇಡ ಎನ್ನುತ್ತಿಲ್ಲ. ನಿಮ್ಮ ಬಸ್ಸಿನ ಕಂಡಕ್ಟರ್ ‘ರೈಟ್ ಪೋಯಿ’ ಎಂದು ಕೂಗುತ್ತಾನಲ್ಲ, ಅರ್ಧ ಇಂಗ್ಲಿಷ್ ಅರ್ಧ ತುಳು, ಅದಕ್ಕೆ ಕೈ ಹಚ್ಚಬೇಡಿ. ಆ ‘ರೈಟ್’ ಈ ಊರಿನ ಬಸ್ಸಿನಲ್ಲೇ ಓಡಾಡಿ ಬೆಳೆದದ್ದು.

ಒಂದು ವಿಷಯ ಮರೆಯುವುದರಲ್ಲಿದ್ದೆ. ಕತೆ ತುಳುವರ ಆಟಿ ತಿಂಗಳ ಮೊದಲ ವಾರದಲ್ಲಿ ನಡೆಯುತ್ತದೆ, ದಕ್ಕೆಯಲ್ಲಿ ಟ್ರಾಲ್ ಬೋಟುಗಳು ಮೀನು ಇಳಿಸುತ್ತಿವೆ. ಅದು ಜುಲೈ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೆಂಗ್ರೆಯ ಹುಡುಗನ ಕತೆಯಲ್ಲಿ ಇಂಥದ್ದು ತಪ್ಪಬಾರದು. ಒಂದೋ ನಾಡದೋಣಿ ಮಾಡಿ, ಇಲ್ಲವೇ ಮಳೆಯನ್ನು ಬಿಟ್ಟು ಕತೆಯನ್ನು ಅಕ್ಟೋಬರಿಗೆ ದೂಡಿ. ನನಗೆ ಕೇಳಿದರೆ ಮಳೆ ಇರಲಿ.