ಕೀಲುವಾತ ಬಂದ ಕೈಗೆ ಕಸೂತಿ ಸೂಜಿ

ಪ್ರಶ್ನೆ: ನನಗೆ 46 ವರ್ಷ, ಊರು ಧಾರವಾಡ. ಮೂರು ವರ್ಷದ ಹಿಂದೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುವಾತ ಅಂತ ಗೊತ್ತಾಯಿತು. ಮಾತ್ರೆ ತಗೊಳ್ತಿದ್ದೇನೆ, ಬಾವು ಇಳಿದಿದೆ. ಆದರೆ ಚಿಕ್ಕಂದಿನಿಂದ ಹಾಕುತ್ತಿದ್ದ ಕಸೂತಿ ನಿಂತೇ ಹೋಗಿದೆ. ಅರ್ಧ ಗಂಟೆ ಕೂತರೆ ಹೆಬ್ಬೆರಳಿನ ಬುಡ, ಮಣಿಕಟ್ಟು ಹಿಡಿದುಕೊಳ್ಳುತ್ತದೆ. ‘ರೊಟ್ಟಿ ಬಡಿಯಾಕ ಕೈ ನೋವು ಅಂತಿ, ಸೂಜಿ ಹಿಡಿಯಾಕ ನೋವಾಗಂಗಿಲ್ಲೇನು?’ ಅಂತ ಮನೆಯಲ್ಲಿ ಮಾತೂ ಬರುತ್ತದೆ. ಮುಂದಿನ ವರ್ಷ ಮಗಳ ಮದುವೆ. ಅವಳ ಇಳಕಲ್ ಸೀರೆಗೆ ನಾನೇ ಕಸೂತಿ ಹಾಕಬೇಕು ಅಂತ ಆಸೆ. ಆಗುತ್ತಾ?

ಆಕ್ಯುಪೇಷನಲ್ ಥೆರಪಿಸ್ಟ್ (ಕಾಯಿಲೆ ಇದ್ದರೂ ದಿನದ ಕೆಲಸ ಮಾಡಿಕೊಳ್ಳುವ ದಾರಿ ಕಲಿಸುವ ತಜ್ಞರು) ಉತ್ತರ: ಆಗುತ್ತದೆ, ಅಮ್ಮ. ಬಾವು ಇಳಿದಿದೆ ಅಂದಿರಲ್ಲ, ಅರ್ಧ ಕೆಲಸ ಅಲ್ಲೇ ಆಗಿದೆ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ‘ಈಗ ಚೆನ್ನಾಗಿದೆ ಅಲ್ವಾ’ ಅಂತ ಬಿಟ್ಟವರಿಗೆ ಕೀಲಿನ ಬಾವು ಮತ್ತೆ ಬರುವುದು ಜಾಸ್ತಿ.

ಮೊದಲು ಮನೆಯ ಮಾತಿಗೆ ಬರೋಣ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಹವ್ಯಾಸ ಬಿಡುವುದು ಬಹಳ ಸಲ ಇಂಥ ಮಾತಿಗೇ. ರೊಟ್ಟಿ ಬಡಿಯುವಾಗ ಪೆಟ್ಟು ನೇರವಾಗಿ ಮಣಿಕಟ್ಟಿಗೆ ಬೀಳುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಬೆರಳುಗಳು ಕಿರುಬೆರಳಿನ ಕಡೆಗೆ ತಿರುಚಿಕೊಳ್ಳುತ್ತವೆ. ಈ ರೋಗದಲ್ಲಿ ಬೆರಳು ವಾಲುವುದೂ ಅದೇ ಕಡೆಗೆ. ತುಂಬಿದ ಕೊಡವನ್ನು ಬೆರಳಿಗೆ ಸಿಕ್ಕಿಸಿ ಎತ್ತುವುದೂ ಅಷ್ಟೇ ಕೆಟ್ಟದ್ದು. ಸೂಜಿ ಹಿಡಿಯುವುದರಲ್ಲಿ ಇಷ್ಟು ಭಾರ ಇಲ್ಲ, ಅದರ ತೊಂದರೆಯೇ ಬೇರೆ. ಹಾಗಾಗಿ ಬಡಿಯುವುದು, ಹಿಂಡುವುದು, ಎತ್ತುವುದು ಬೇರೆಯವರ ಪಾಲಿಗೆ ಹೋಗಲಿ. ಕಸೂತಿ ನಿಮಗಿರಲಿ. ಕೈಯ ಶಕ್ತಿ ತಿಂಗಳ ಸಂಬಳ ಇದ್ದ ಹಾಗೆ, ಬೇಕಾದ ಖರ್ಚಿಗೆ ಮೊದಲೇ ತೆಗೆದಿಡಬೇಕು. ಮನೆಗೆಲಸ ಎಲ್ಲ ಮುಗಿಸಿ ಉಳಿದ ಕೈಯಲ್ಲಿ ಕಸೂತಿ ಅಂತ ಹೊರಟರೆ ಏನೂ ಉಳಿದಿರುವುದಿಲ್ಲ. ಇದನ್ನು ಸ್ವಾರ್ಥ ಅಂದುಕೊಳ್ಳಬೇಡಿ. ಈ ಉತ್ತರವನ್ನು ಮನೆಯವರಿಗೂ ಓದಿ ಹೇಳಿ.

ಸೂಜಿಯ ತೊಂದರೆ ಎರಡು. ಒಂದು, ಸಣ್ಣ ಸೂಜಿಯನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟಿ ಹಿಡಿಯುವುದು. ಸೂಜಿ ಸಣ್ಣ ಆದಷ್ಟೂ ಚಿವುಟು ಗಟ್ಟಿ. ಎಳೆ ಸೀಳದ ಮೊಂಡು ತುದಿಯ, ಸ್ವಲ್ಪ ದಪ್ಪ ಸೂಜಿ ತಗೊಳ್ಳಿ. ಬ್ಯಾಂಕಿನಲ್ಲಿ ನೋಟು ಎಣಿಸುವವರು ಬೆರಳಿಗೆ ಹಾಕಿಕೊಳ್ಳುವ ರಬ್ಬರ್ ಟೋಪಿ ಇದೆಯಲ್ಲ, ಅದನ್ನು ತೋರುಬೆರಳಿಗೆ ಹಾಕಿ. ಸೂಜಿ ಜಾರುವುದಿಲ್ಲ, ಒತ್ತಿ ಹಿಡಿಯುವುದು ಬೇಡ. ಎರಡನೆಯದು ಎಡಗೈ. ಬಟ್ಟೆ ಬಿಗಿಯಾಗಿ ಹಿಡಿದುಕೊಂಡು ಅದು ಅಲ್ಲಾಡದೆ ಕೂತಿರುತ್ತದೆ. ಆಡುವ ಕೈಗಿಂತ ಆಡದೆ ಹಿಡಿದ ಕೈಯೇ ಬೇಗ ಸೋಲುತ್ತದೆ. ಮೇಜಿಗೆ ಸಿಕ್ಕಿಸುವ ಸ್ಟ್ಯಾಂಡ್ ಇರುವ ರಿಂಗು ತಗೊಳ್ಳಿ. ಸಿಗದಿದ್ದರೆ ತೊಡೆಯ ಮೇಲೆ ದಿಂಬು, ಅದರ ಮೇಲೆ ಬಟ್ಟೆ. ಮೊಣಕೈಗೂ ಆಸರೆ ಇರಲಿ.

ಫ್ರಾನ್ಸಿನ ಚಿತ್ರಕಾರ ರೆನ್ವಾರ್‌ಗೂ ಇದೇ ಕಾಯಿಲೆ ಇತ್ತು. ಬೆರಳು ಸೊಟ್ಟಗಾಗಿ, ಗಾಲಿ ಕುರ್ಚಿಗೆ ಬಂದ ಮೇಲೂ 1919ರಲ್ಲಿ ತೀರಿಕೊಳ್ಳುವವರೆಗೆ ಚಿತ್ರ ಬರೆದರು. ದೊಡ್ಡ ಕ್ಯಾನ್ವಾಸನ್ನು ಉರುಳೆಗಳಿಗೆ ಸುತ್ತಿಸಿ, ಬೇಕಾದ ಭಾಗವನ್ನು ಕೈಯ ಹತ್ತಿರಕ್ಕೆ ತರಿಸಿಕೊಳ್ಳುತ್ತಿದ್ದರು. ಸೀರೆಗೂ ಹೀಗೇ ಮಾಡಿ. ಉಳಿದದ್ದನ್ನೆಲ್ಲ ಸುತ್ತಿ ಪಕ್ಕಕ್ಕಿಡಿ, ಭಾರ ಕೈ ಮೇಲೆ ಬೀಳಬಾರದು. ಸೀರೆ ಕಪ್ಪು ಬಣ್ಣದ ಚಂದ್ರಕಾಳಿಯಾದರೆ ಬಟ್ಟೆಯಡಿ ಬಿಳಿ ಟವೆಲ್ ಹಾಸಿಕೊಳ್ಳಿ. ಕರಿ ನೇಯ್ಗೆಯ ಸಂದಿನಲ್ಲಿ ಬಿಳಿ ಕಾಣಿಸಿ, ಕಸೂತಿಗೆ ಬೇಕಾದ ಎಳೆ ಎಣಿಕೆ ಸಲೀಸಾಗುತ್ತದೆ.

ಬೆಳಗ್ಗೆ ಎದ್ದ ಕೂಡಲೇ ಕೂರಬೇಡಿ. ಬೆರಳ ಬಿಗಿತ ಬಿಡಲಿ. ಹತ್ತು ನಿಮಿಷ ಹದವಾದ ಬಿಸಿನೀರಿನಲ್ಲಿ ಕೈ ಅದ್ದಿ, ಮೆಲ್ಲಗೆ ಮುಷ್ಟಿ ಕಟ್ಟಿ ಬಿಚ್ಚಿ, ಆಮೇಲೆ ಹೊಲಿಯಿರಿ. ಮೊದಮೊದಲು 15 ನಿಮಿಷ ಸಾಕು. ಮೊಬೈಲಿನಲ್ಲಿ ಅಲಾರಂ ಇಡಿ, ಹೊಡೆದಾಗ ಏಳಿ. ನೋವು ಬರುವ ಮೊದಲೇ ಏಳಬೇಕು, ಇದೇ ಕಷ್ಟದ ಪಾಠ. ‘ಇದೊಂದು ಗೋಪುರ ಮುಗಿಸಿಬಿಡ್ತೀನಿ’ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ವಾಪಸ್ ಬರಬೇಕು, ನಡುವೆ ಬಿಟ್ಟರೆ ಲೆಕ್ಕ ತಪ್ಪುತ್ತದೆ ಅನ್ನುವುದು ನನಗೂ ಗೊತ್ತು. ಅದಕ್ಕೇ ತೇರು, ಆನೆಯಂಥ ದೊಡ್ಡ ಚಿತ್ರ ಬೇಡ. ತುಳಸಿಕಟ್ಟೆ, ನಕ್ಷತ್ರದಂಥ ಸಣ್ಣ ಚಿತ್ರ ಆರಿಸಿ. ಒಂದೊಂದನ್ನು ಒಂದೆರಡು ಸಲಕ್ಕೆ ಮುಗಿಸಬಹುದು.

ಎಷ್ಟು ಹೊಲಿದರೆ ಜಾಸ್ತಿ? ಹೊಲಿಗೆ ನಿಲ್ಲಿಸಿ ಎರಡು ಗಂಟೆಯಾದರೂ ನೋವು ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಅಂದು ಜಾಸ್ತಿಯಾಯಿತು. ಮರುದಿನ ಸಮಯ ಕಡಿಮೆ ಮಾಡಿ. ಕೀಲು ಕೆಂಪಾಗಿ, ಬಿಸಿಯಾಗಿ ಊದಿದ ದಿನ ಸೂಜಿ ಮುಟ್ಟಲೇಬೇಡಿ. ಅಂದು ಯಾವ ಬಣ್ಣದ ದಾರ ಎಲ್ಲಿ ಅಂತ ಯೋಚಿಸಿ. ಅದೂ ಕಸೂತಿಯೇ.

ಎರಡು ವಿಷಯ ಡಾಕ್ಟರ ಗಮನಕ್ಕೆ ತರಬೇಕು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಈ ಕಾಯಿಲೆಯಲ್ಲಿ ಅದು ಅಪರೂಪವಲ್ಲ. ನಿಮ್ಮ ಮಾತ್ರೆಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಇದ್ದರೆ ಕಣ್ಣಿನ ಹಿಂಬದಿಯ ಪರೀಕ್ಷೆ ಯಾವಾಗ ಮಾಡಿಸಬೇಕು ಅಂತ ಕೇಳಿ. ವರ್ಷಗಟ್ಟಲೆ ತಗೊಂಡವರಲ್ಲಿ ಕೆಲವರಿಗೆ ಅದು ಕಣ್ಣಿನ ಪರದೆಗೆ ತೊಂದರೆ ಕೊಡುತ್ತದೆ. ಎಳೆ ಎಣಿಸುವವರಿಗೆ ಕಣ್ಣು ಮುಖ್ಯ ಅಲ್ವಾ?

ಇನ್ನು ಮದುವೆ ಸೀರೆ. ಸೀರೆಯಿಡೀ ಒಬ್ಬರೇ ತುಂಬಿಸಬೇಕು ಅಂತೇನಿಲ್ಲ. ಒತ್ತೊತ್ತಾಗಿ ಹಾಕುವ ಮೆಂತ್ಯೆ ಹೊಲಿಗೆ, ಉದ್ದುದ್ದ ನೇಯ್ಗಿ ಹೊಲಿಗೆ ಇರುವ ಭಾಗವನ್ನು ಕಸೂತಿ ಗೊತ್ತಿರುವವರ ಕೈಗೆ ಕೊಡಿ. ಸೆರಗಿನ ಗವಂತಿ, ಮೆಟ್ಟಿಲಿನ ಹಾಗೆ ಸಾಗುವ ಮುರಗಿ ಹೊಲಿಗೆ ನಿಮ್ಮದಾಗಲಿ. ಈ ವಾರ ಸೀರೆ ಮುಟ್ಟಬೇಡಿ. ಕಲಿಯುವವರು ಬಳಸುವ ಮ್ಯಾಟಿ ಬಟ್ಟೆಯಲ್ಲಿ ಎಳೆ ದೊಡ್ಡದಾಗಿ ಕಾಣುತ್ತವೆ, ಅದರಲ್ಲಿ ಕೈ ಪಳಗಿಸಿ. ಹತ್ತಿರದ ಆಕ್ಯುಪೇಷನಲ್ ಥೆರಪಿಸ್ಟ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವಾಗ ಸೂಜಿ, ಬಟ್ಟೆ ಜೊತೆಗೇ ಒಯ್ಯಿರಿ. ನೀವು ಹೊಲಿಯುವುದನ್ನು ನೋಡಿದರೆ ಹೆಬ್ಬೆರಳಿಗೆ ಪಟ್ಟಿ ಬೇಕೋ, ಬೇಕಾದರೆ ಯಾವ ಥರದ್ದು ಅಂತ ಅವರು ಸರಿಯಾಗಿ ಹೇಳಬಲ್ಲರು.