ಪಾತ್ರೆ ರಾಶಿ ಕರಗುತ್ತಾ, ಸಂಪಾದಕರೇ?

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ ಇದು: "ಹಾಸ್ಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಬೆಳಗಿನ ಜಾವ ನಿಂತರೆ ರಾತ್ರಿ ಪಾತ್ರೆ ತೊಳೆದ ಮೇಲೇ ಕೂರುವುದು. ಮಗ ದಿನಾ ವಾಟ್ಸಾಪಿನಲ್ಲಿ 'ಪಾಸಿಟಿವ್ ಆಗಿರಮ್ಮ, ಎಲ್ಲಾ ನಾವು ನೋಡೋ ರೀತಿಯಲ್ಲಿದೆ' ಎಂದು ಕಳಿಸುತ್ತಾನೆ. ಹೋದ ತಿಂಗಳು ನೀವೂ ಅದನ್ನೇ ಅಚ್ಚು ಹಾಕಿದಿರಿ. ನಾನು ಹೇಗೆ ನೋಡಿದರೆ ಪಾತ್ರೆ ರಾಶಿ ಕರಗುತ್ತದೆ, ಹೇಳಿ."

ಕರಗುವುದಿಲ್ಲ ಅಮ್ಮ. ಆದರೆ ನಿಮ್ಮ ಮಗ ಹೇಳುತ್ತಿರುವುದು ಪೂರ್ತಿ ಸುಳ್ಳೂ ಅಲ್ಲ.

ಅಮೆರಿಕದಲ್ಲಿ ಆಲಿಯಾ ಕ್ರಮ್ ಮತ್ತು ಎಲೆನ್ ಲ್ಯಾಂಗರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಹೋಟೆಲ್ ಕೋಣೆ ಗುಡಿಸಿ ಒರೆಸುವ 84 ಹೆಂಗಸರನ್ನು ಮಾತಾಡಿಸಿದರು. ದಿನಕ್ಕೆ ಹದಿನೈದರಷ್ಟು ಕೋಣೆ, ಹಾಸಿಗೆ ಎತ್ತುವುದು, ಬಚ್ಚಲು ಉಜ್ಜುವುದು. ಇಷ್ಟಾದರೂ "ವ್ಯಾಯಾಮ ಮಾಡ್ತೀರಾ?" ಎಂದರೆ ಹೆಚ್ಚಿನವರು "ಅದಕ್ಕೆಲ್ಲಿ ಪುರುಸೊತ್ತು?" ಎನ್ನುವಂಥ ಉತ್ತರವನ್ನೇ ಕೊಟ್ಟರು. ನೀವೂ ಹಾಗೇ ಹೇಳುತ್ತಿದ್ದಿರಿ, ಅಲ್ವಾ? ಆಮೇಲೆ ಅರ್ಧದಷ್ಟು ಹೋಟೆಲುಗಳಲ್ಲಿ, ನೀವು ಮಾಡುವ ಕೆಲಸವೇ ಒಳ್ಳೆಯ ವ್ಯಾಯಾಮ ಎಂದು ಲೆಕ್ಕ ಸಮೇತ ತಿಳಿಸಿದರು. ಉಳಿದವರಿಗೆ ಏನೂ ಹೇಳಲಿಲ್ಲ. ನಾಲ್ಕು ವಾರ ಕಳೆದು ನೋಡಿದರೆ, ವಿಷಯ ಗೊತ್ತಾದವರ ತೂಕ ಸುಮಾರು ಒಂದು ಕಿಲೋ ಇಳಿದಿತ್ತು. ಬಿಪಿಯೂ ಇಳಿದಿತ್ತು. ಇದು 2007ರಲ್ಲಿ ಪ್ರಕಟವಾಯಿತು. ಇಂಥದ್ದನ್ನೇ ಆಮೇಲೆ ಬೇರೆಯವರು ಮಾಡಿದಾಗ ಅದೇ ಫಲಿತಾಂಶ ಸಿಗಲಿಲ್ಲ, ಅದನ್ನೂ ಹೇಳಿಬಿಡಬೇಕು. ಹಾಗಾಗಿ ಇದನ್ನು ಮಂತ್ರ ಅಂತ ನಂಬಬೇಡಿ.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು ಇಟಲಿಯ ರಣರಂಗದಲ್ಲಿದ್ದರು. ದೊಡ್ಡ ದೊಡ್ಡ ಗಾಯವಾಗಿದ್ದ ಸೈನಿಕರನ್ನು "ನೋವಿಗೆ ಮದ್ದು ಕೊಡಲಾ?" ಎಂದು ಕೇಳಿದರೆ, ಮುಕ್ಕಾಲು ಪಾಲು ಜನ ಬೇಡ ಅಂದರು. 1946ರಲ್ಲಿ ಅವರು ಇದನ್ನು ಬರೆದರು. ಅವರ ಊಹೆ ಇಷ್ಟು: ಊರಲ್ಲಿ ಅಪಘಾತವಾದವನಿಗೆ ಗಾಯ ಎಂದರೆ ಕಷ್ಟದ ಶುರು. ಸೈನಿಕನಿಗೆ ಅದೇ ಗಾಯ ಯುದ್ಧದಿಂದ ಬಿಡುಗಡೆ, ಮನೆಗೆ ಟಿಕೆಟ್.

ಇಲ್ಲಿ ಒಂದು ವಿಷಯ ಗಮನಿಸಿ. ಸೈನಿಕ ಸುಮ್ನೆ ಸಮಾಧಾನ ಮಾಡಿಕೊಳ್ಳುತ್ತಿರಲಿಲ್ಲ. ಅವನು ನಿಜವಾಗಲೂ ಬದುಕಿ ಉಳಿದಿದ್ದ. ಹೋಟೆಲಿನ ಹೆಂಗಸರಿಗೆ ಹೇಳಿದ್ದೂ ನಿಜವೇ, ಅವರ ಕೆಲಸ ವ್ಯಾಯಾಮವೇ ಆಗಿತ್ತು. ಕಣ್ಣೆದುರೇ ಇದ್ದು ಕಾಣದಿದ್ದುದನ್ನು ಒಬ್ಬರು ತೋರಿಸಿದರು, ಅಷ್ಟೆ.

ಬರೀ ಕನಸು ಕಂಡರೆ ಏನಾಗುತ್ತದೆ ಎಂಬುದನ್ನೂ ನೋಡಿದವರಿದ್ದಾರೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಗಾಬ್ರಿಯೆಲೆ ಓಟಿಂಗನ್ ತೂಕ ಇಳಿಸಲು ಹೊರಟ ಹೆಂಗಸರನ್ನು ಒಂದು ವರ್ಷ ಗಮನಿಸಿದರು. 'ನನ್ನ ಕೈಲಾಗುತ್ತದೆ' ಎಂದು ನಂಬಿದವರು ಹೆಚ್ಚು ಇಳಿಸಿದರು. ಆಗಲೇ ತೆಳ್ಳಗಾಗಿ ಮೆರೆಯುತ್ತಿರುವಂತೆ ಕನಸು ಕಂಡವರು ಕಡಿಮೆ ಇಳಿಸಿದರು. ವಾಟ್ಸಾಪಿನ ಗುಡ್ ಮಾರ್ನಿಂಗ್ ಗುಲಾಬಿಗಳು ಹೆಚ್ಚಾಗಿ ಎರಡನೇ ಗುಂಪಿಗೆ ಸೇರಿದವು ಎಂದು ನನ್ನ ಅನುಮಾನ.

ಆದ್ದರಿಂದ ನಿಮಗೆ ಹೀಗೆ ಹೇಳುತ್ತೇನೆ. ನಿಮ್ಮ ಕೆಲಸದಲ್ಲಿ ನಿಜವಾಗಿ ಒಳ್ಳೆಯದು ಏನಿದೆಯೋ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಒಂದಿಡೀ ಹಾಸ್ಟೆಲಿನ ಹೊಟ್ಟೆ ತುಂಬಿಸುವುದು ಸಣ್ಣ ಕೆಲಸವಲ್ಲ. ಅದು ನೀವು ಅಂದುಕೊಂಡರೂ ನಿಜ, ಅಂದುಕೊಳ್ಳದಿದ್ದರೂ ನಿಜ. ಆದರೆ ಪಾತ್ರೆಗೆ ಇನ್ನೊಬ್ಬ ಆಳು ಬೇಕು ಎಂದರೆ ವಾರ್ಡನ್ ಹತ್ತಿರ ಹೋಗಿ ಕೇಳಿ. ಕೇಳಿದರೆ ಕೊಟ್ಟಾರು ಎಂಬ ನಂಬಿಕೆ ಇಟ್ಟುಕೊಂಡು ಹೋಗಿ, ಅಲ್ಲಿ ಪಾಸಿಟಿವ್ ಆಗಿರುವುದು ಉಪಯೋಗಕ್ಕೆ ಬರುತ್ತದೆ. ಮತ್ತೆ ಇಷ್ಟು ಹೊತ್ತು ನಿಲ್ಲುವವರು ಮೊಣಕಾಲನ್ನು ಒಮ್ಮೆ ಡಾಕ್ಟರಿಗೆ ತೋರಿಸಿಬಿಡುವುದು ಒಳ್ಳೆಯದು. ಮಗನನ್ನೇ ಕರೆದುಕೊಂಡು ಹೋಗಲು ಹೇಳಿ.